ಕಾಂಗ್ರಾದ ಉಪ್ಪು, ನವಾಂಶಹರ್ ಗೋಧಿ, ಮತ್ತು ಐವತ್ತು ದಾಟಿದವರ ಗುಳಿಗೆ

ದೆಹಲಿಯಲ್ಲಿ ನಮ್ಮ ಕನ್ನಡದ ಗಂಡಸರು ನಾಲ್ಕು ಜನ ಸೇರಿದರೆ ಏನು ಮಾತಾಡುತ್ತಾರೆ ಅಂತ ನಾನು ಮೂವತ್ತು ವರ್ಷದಿಂದ ಕೇಳಿಸಿಕೊಳ್ಳುತ್ತಾ ಬಂದಿದ್ದೇನೆ. ಮೊದಮೊದಲು ಟ್ರಾನ್ಸ್‌ಫರ್, ಪ್ರಮೋಷನ್. ಆಮೇಲೆ ಫ್ಲಾಟಿನ ಕಂತು, ಮಕ್ಕಳ ಸೀಟು. ಅದಾದ ಮೇಲೆ ಶುಗರ್ರು, ಬಿಪಿ. ಈಗ ಐದಾರು ವರ್ಷದಿಂದ ದನಿ ತಗ್ಗಿಸಿ ಆಡುವ ಒಂದು ಮಾತು ಸೇರಿಕೊಂಡಿದೆ: "ರಾತ್ರಿ ಎಷ್ಟು ಸಲ ಏಳ್ತೀರಿ ಸಾರ್?" ಅಂತ. ಹೌದು, ಪ್ರಾಸ್ಟೇಟ್. ಮೂತ್ರಕೋಶದ ಕೆಳಗೆ ಅಡಗಿ ಕೂತಿರುವ ಅಕ್ರೋಟು ಗಾತ್ರದ ಗ್ರಂಥಿ. ವಯಸ್ಸಾಗುವ ತನಕ ಅದೊಂದು ಇದೆ ಅಂತಲೇ ನಮಗೆ ಗೊತ್ತಿರುವುದಿಲ್ಲ.

ಈ ಮಾತು ಬಂತೆಂದರೆ ಯಾರಾದರೊಬ್ಬರು ಜೇಬಿನಿಂದ ಒಂದು ಗುಳಿಗೆಯ ಪಟ್ಟಿ ತೆಗೆಯುತ್ತಾರೆ. ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಸತು, ಸೆಲೆನಿಯಂ, ಜೊತೆಗೆ ಒಂದೆರಡು ವಿಟಮಿನ್ನು. "ಪ್ರಾಸ್ಟೇಟ್ ಕ್ಯಾನ್ಸರ್ ಬರೋದಿಲ್ವಂತೆ ಕಣ್ರೀ, ಮಗ ಅಮೆರಿಕಾದಿಂದ ತಂದುಕೊಟ್ಟ" ಅನ್ನುತ್ತಾರೆ. ನಾನು ಬಿ.ಕಾಂ. ಓದಿದವನು, ಡಾಕ್ಟರಲ್ಲ. ಆದರೆ ಈ "ಅಂತೆ" ಎಲ್ಲಿಂದ ಬಂತು ಅಂತ ಹುಡುಕಿಕೊಂಡು ಹೋದರೆ ಸಿಕ್ಕಿದ್ದು ಇನ್ನೂರು ವರ್ಷದ ಒಂದು ಕಥೆ. ಅದರಲ್ಲಿ ಸ್ವೀಡನ್ ಇದೆ, ಚೀನಾ ಇದೆ, ನಮ್ಮ ಪಕ್ಕದ ಪಂಜಾಬೂ ಇದೆ.

ನಾನು ಹುಟ್ಟಿದ್ದು ಪಾವಗಡದ ಸೀಮೆಯಲ್ಲಿ. ಇವತ್ತು ಪಾವಗಡ ಅಂದರೆ ಸೋಲಾರ್ ಪಾರ್ಕ್ ಅನ್ನುತ್ತಾರೆ. ನಮ್ಮ ಕಾಲದಲ್ಲಿ ಪಾವಗಡ ಅಂದರೆ ಕಂದುಹಲ್ಲು. ಬಾವಿಯ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಅದೇ ಫ್ಲೋರೈಡು ಒಂದು ಚೂರು ಇದ್ದರೆ ಹಲ್ಲಿನ ಹುಳುಕಿಗೆ ಮದ್ದು, ಟೂತ್‌ಪೇಸ್ಟಿನಲ್ಲಿ ಹಾಕುತ್ತಾರೆ. ಜಾಸ್ತಿಯಾದರೆ ಹಲ್ಲಿಗೂ ಕೇಡು, ಮೂಳೆಗೂ ಕೇಡು. ಹಾಗಾಗಿ ಈ ಸೂಕ್ಷ್ಮ ಖನಿಜಗಳ ಬಗ್ಗೆ ನನಗೆ ಮೊದಲಿನಿಂದ ಒಂದು ಗೌರವವೂ ಇದೆ, ಒಂದು ಅನುಮಾನವೂ ಇದೆ.

ಗೌರವದ ಕಥೆ ಮೊದಲು. ಅದು ನಮ್ಮ ದೆಹಲಿಯದೇ.

1956ರಲ್ಲಿ ಏಮ್ಸ್ ಶುರುವಾಯಿತಲ್ಲ, ಅದೇ ವರ್ಷ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಅವರ ಜೊತೆಯವರು ಕಾಂಗ್ರಾ ಕಣಿವೆಯಲ್ಲಿ ಒಂದು ಪ್ರಯೋಗ ಹೂಡಿದರು. ಕಾಂಗ್ರಾ ಈಗ ಹಿಮಾಚಲದಲ್ಲಿದೆ, ಆಗ ಪಂಜಾಬಿನಲ್ಲಿತ್ತು. ಅಲ್ಲಿ ಗಳಗಂಡ ವಿಪರೀತ. ನಮ್ಮ ಮಲೆನಾಡಿನವರಿಗೆ ಆ ಕಾಯಿಲೆಯ ಪರಿಚಯ ಹೇಳಬೇಕಾಗಿಲ್ಲ. ಮಳೆ ಮತ್ತು ಹಿಮ ಗುಡ್ಡದ ಮಣ್ಣಿನ ಅಯೋಡಿನ್ನನ್ನು ತೊಳೆದುಕೊಂಡು ಹೋಗಿರುತ್ತದೆ. ಮಣ್ಣಿನಲ್ಲಿ ಇಲ್ಲದ್ದು ಕಾಳಿಗೆ ಬರುವುದಿಲ್ಲ, ಕಾಳಿನಲ್ಲಿ ಇಲ್ಲದ್ದು ಮೈಗೆ ಬರುವುದಿಲ್ಲ. ಇವರು ಮಾಡಿದ್ದು ಸರಳ. ಲಕ್ಷಕ್ಕೂ ಮೇಲ್ಪಟ್ಟು ಜನ ಇದ್ದ ಪ್ರದೇಶವನ್ನು ಮೂರು ವಲಯ ಮಾಡಿದರು. ಎರಡು ವಲಯಕ್ಕೆ ಅಯೋಡಿನ್ ಸೇರಿಸಿದ ಉಪ್ಪು, ನಡುವಿನ ವಲಯಕ್ಕೆ ಬರೀ ಉಪ್ಪು. ಐದಾರು ವರ್ಷ ಬಿಟ್ಟು ಶಾಲೆಯ ಮಕ್ಕಳ ಕುತ್ತಿಗೆ ಮುಟ್ಟಿ ನೋಡಿದರೆ, ಅಯೋಡಿನ್ ಉಪ್ಪು ತಿಂದ ಎರಡೂ ಕಡೆ ಗಳಗಂಡ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಬರೀ ಉಪ್ಪಿನ ಕಡೆ ಇದ್ದ ಹಾಗೇ ಇತ್ತು. ಆಮೇಲೆ ಆ ನಡುವಿನವರಿಗೂ ಅಯೋಡಿನ್ ಉಪ್ಪು ಕೊಟ್ಟರು, ಅಲ್ಲೂ ಇಳಿಯಿತು. 1962ರಲ್ಲಿ ಸರ್ಕಾರ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು. ಇವತ್ತು ನೀವು ನೋಯ್ಡಾದಲ್ಲಿ ಸಾರಿಗೆ ಹಾಕುವ ಉಪ್ಪಿನ ಹಿಂದೆ ಆ ಕಣಿವೆಯ ಮಕ್ಕಳಿದ್ದಾರೆ.

ಈ ಗೆಲುವು ಎಷ್ಟು ದೊಡ್ಡದು ಅಂದರೆ, ಅದನ್ನು ಕಂಡವರಿಗೆಲ್ಲ ಮುಂದಿನ ಕಾಯಿಲೆಗೂ ಹೀಗೇ ಒಂದು ಚಿಟಿಕೆ ಖನಿಜ ಸಿಕ್ಕಿಬಿಡಬಹುದು ಅನ್ನಿಸುವುದು ಸಹಜ. ಸತುವಿನ ವಿಷಯದಲ್ಲೂ ಹಾಗೇ ಆಯಿತು. ಬಿಹಾರದ ಬಕ್ಸರಿನಲ್ಲಿ ಹುಟ್ಟಿ, ಪಾಟ್ನಾದಲ್ಲಿ ವೈದ್ಯ ಓದಿದ ಡಾ. ಆನಂದ ಪ್ರಸಾದ್ 1950ರ ದಶಕದ ಕೊನೆಯಲ್ಲಿ ಇರಾನಿನ ಶಿರಾಜ್‌ನಲ್ಲಿದ್ದರು. ಅಲ್ಲಿ ಇಪ್ಪತ್ತು ದಾಟಿದರೂ ಹತ್ತು ವರ್ಷದ ಹುಡುಗರ ಹಾಗೆ ಕಾಣುವ, ಮೀಸೆ ಗಡ್ಡ ಬಾರದ ಯುವಕರನ್ನು ಕಂಡರು. ಅವರ ಊಟ ಹೆಚ್ಚಾಗಿ ಹುಳಿ ಬರಿಸದ ಗೋಧಿ ರೊಟ್ಟಿ. ಗೋಧಿಯ ಹೊಟ್ಟಿನಲ್ಲಿರುವ ಫೈಟೇಟ್ ಎಂಬ ವಸ್ತು ಸತುವನ್ನು ಹಿಡಿದುಕೊಂಡು ಮೈಗೆ ಸೇರಲು ಬಿಡುವುದಿಲ್ಲ. ಸತು ಕೊಟ್ಟ ಮೇಲೆ ಅಂಥವರು ಬೆಳೆದರು. ಮನುಷ್ಯನಿಗೆ ಸತು ಬೇಕೇ ಬೇಕು ಅಂತ ಅಮೆರಿಕಾ ಅಧಿಕೃತವಾಗಿ ದಿನದ ಪ್ರಮಾಣ ಗೊತ್ತುಮಾಡಿದ್ದು 1974ರಲ್ಲಿ. (ದಿನಾ ಫುಲ್ಕಾ ತಿನ್ನುವ ನಾವು ಇದನ್ನು ಓದಿ ಗಾಬರಿಯಾಗಬೇಕಾಗಿಲ್ಲ. ಜೊತೆಗೆ ಬೇಳೆ, ಮೊಸರು, ತರಕಾರಿ ಇದ್ದರೆ ಲೆಕ್ಕ ಬೇರೆ. ಇಡ್ಲಿ ದೋಸೆಯ ಹಿಟ್ಟು ಹುಳಿಯುವಾಗ ಈ ಫೈಟೇಟ್ ಒಡೆಯುತ್ತದೆ, ನಮ್ಮ ಅಜ್ಜಿಯರಿಗೆ ಒಂದು ನಮಸ್ಕಾರ.)

ಇನ್ನು ಪ್ರಾಸ್ಟೇಟಿಗೂ ಸತುವಿಗೂ ಏನು ನಂಟು? ಮೈಯ ಮೃದು ಅಂಗಾಂಗಗಳಲ್ಲೆಲ್ಲ ಅತಿ ಹೆಚ್ಚು ಸತು ಇರುವುದು ಪ್ರಾಸ್ಟೇಟಿನಲ್ಲಿ. ಇದರ ಬಗ್ಗೆ ಕೆನಡಾದ ಮಾಸನ್ ಮತ್ತು ಫಿಷರ್ 1952ರಲ್ಲೇ ಬರೆದಿದ್ದಾರೆ. ಆಮೇಲೆ ಇನ್ನೊಂದು ವಿಷಯ ಗೊತ್ತಾಯಿತು. ಕ್ಯಾನ್ಸರ್ ಹಿಡಿದ ಪ್ರಾಸ್ಟೇಟಿನಲ್ಲಿ ಸತು ತೀರಾ ಕಡಿಮೆ. ಜಾಹೀರಾತಿನವರಿಗೆ ಇಷ್ಟು ಸಾಕಲ್ಲ! ಸತು ಕಡಿಮೆಯಾದದ್ದಕ್ಕೇ ಕ್ಯಾನ್ಸರ್ ಬಂತು, ಆದ್ದರಿಂದ ಸತು ತಿನ್ನಿ.

ಆದರೆ ಅಲ್ಲಿ ಆಗುವುದು ಬೇರೆ. ಆರೋಗ್ಯವಾಗಿರುವ ಪ್ರಾಸ್ಟೇಟ್ ಕೋಶ ರಕ್ತದಿಂದ ಸತುವನ್ನು ಎಳೆದುಕೊಂಡು ಕೂಡಿಡುತ್ತದೆ. ಕ್ಯಾನ್ಸರಿಗೆ ತಿರುಗುವ ಕೋಶ ಆ ಎಳೆದುಕೊಳ್ಳುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಶಾಖೆಯಲ್ಲಿ ನಗದು ಇಲ್ಲ, ನಿಜ. ಕಾರಣ ರಿಸರ್ವ್ ಬ್ಯಾಂಕು ಕಳಿಸಲಿಲ್ಲ ಅಂತಲ್ಲ, ಸ್ಟ್ರಾಂಗ್ ರೂಮಿನ ಬಾಗಿಲೇ ಕೆಟ್ಟಿದೆ. ಹೊರಗೆ ಎಷ್ಟು ವ್ಯಾನು ತಂದು ನಿಲ್ಲಿಸಿದರೆ ಏನು?

ವ್ಯಾನು ತಂದು ನಿಲ್ಲಿಸಿದವರ ಲೆಕ್ಕವೂ ಇದೆ. ಅಮೆರಿಕಾದಲ್ಲಿ 46,974 ಗಂಡಸರನ್ನು 1986ರಿಂದ 14 ವರ್ಷ ಹಿಂಬಾಲಿಸಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಗುಳಿಗೆಯ ಮೂಲಕ ದಿನಕ್ಕೆ 100 ಮಿಲಿಗ್ರಾಮಿಗೂ ಹೆಚ್ಚು ಸತು ತಿನ್ನುತ್ತಿದ್ದವರಲ್ಲಿ ಮುಂದುವರಿದ ಹಂತದ ಪ್ರಾಸ್ಟೇಟ್ ಕ್ಯಾನ್ಸರಿನ ಅಪಾಯ, ಗುಳಿಗೆ ತಿನ್ನದವರಿಗಿಂತ 2.29 ಪಟ್ಟು. ಅಷ್ಟು ತಿನ್ನದವರಲ್ಲಿ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಇದು ನೋಡಿ ಬರೆದುಕೊಂಡ ಲೆಕ್ಕ, ಪ್ರಯೋಗ ಅಲ್ಲ. ಹಾಗಾಗಿ ಸತುವೇ ಕ್ಯಾನ್ಸರ್ ತಂದಿತು ಅಂತ ಹೇಳಲು ಬರುವುದಿಲ್ಲ. ಆದರೆ ತಡೆಯಿತು ಅಂತ ಹೇಳುವುದಕ್ಕಂತೂ ಬರುವುದೇ ಇಲ್ಲ. ನಮ್ಮ ಹೈದರಾಬಾದಿನ ಪೋಷಣಾ ಸಂಸ್ಥೆ 2020ರಲ್ಲಿ ಗಂಡಸರಿಗೆ ಗೊತ್ತುಮಾಡಿದ್ದು ದಿನಕ್ಕೆ 17 ಮಿಲಿಗ್ರಾಂ, ಅದೂ ಊಟವೂ ಸೇರಿ.

ಸತುವಿನ ಕಥೆ ಇಷ್ಟೇ. ಸೆಲೆನಿಯಮ್ಮಿನದು ದೊಡ್ಡ ಪುರಾಣ.

1817ರಲ್ಲಿ ಸ್ವೀಡನ್ನಿನ ಬರ್ಜೀಲಿಯಸ್ ಅದನ್ನು ಗುರುತಿಸಿ, ಗ್ರೀಕರ ಚಂದ್ರದೇವತೆಯ ಹೆಸರಿಟ್ಟ. ಮುಂದೆ ನೂರು ವರ್ಷಕ್ಕೂ ಹೆಚ್ಚು ಕಾಲ ಅದಕ್ಕೆ ಇದ್ದದ್ದು ವಿಷ ಅನ್ನುವ ಹೆಸರು. 1930ರ ದಶಕದಲ್ಲಿ ಅಮೆರಿಕಾದ ಸೌತ್ ಡಕೋಟಾದಲ್ಲಿ ದನ ಕುದುರೆಗಳ ಗೊರಸು ಕಳಚಿ ಬೀಳುವುದಕ್ಕೆ ಮಣ್ಣಿನ ಸೆಲೆನಿಯಮ್ಮೇ ಕಾರಣ ಅಂತ ಗೊತ್ತಾಯಿತು. 1943ರಲ್ಲಿ ಇಲಿಗಳಿಗೆ ತಿನ್ನಿಸಿದಾಗ ಪಿತ್ತಜನಕಾಂಗದಲ್ಲಿ ಗಡ್ಡೆ ಬಂತು ಅಂತ ವರದಿಯಾಗಿ, ಅದು ಕ್ಯಾನ್ಸರ್ ತರುವ ವಸ್ತು ಅನ್ನುವ ಅಪಖ್ಯಾತಿಯೂ ಅಂಟಿಕೊಂಡಿತು. 1957ರಲ್ಲಿ ಶ್ವಾರ್ಟ್ಸ್ ಮತ್ತು ಫೋಲ್ಟ್ಸ್ ಇಲಿಗಳ ಯಕೃತ್ತು ಕೊಳೆಯದ ಹಾಗೆ ತಡೆಯುವುದು ಇದೇ ಸೆಲೆನಿಯಂ ಅಂತ ತೋರಿಸಿದ ಮೇಲೆ ಗಾಳಿ ಇನ್ನೊಂದು ಕಡೆಗೆ ಬೀಸಿತು. ವಿಷ ಹೋಗಿ ಪೋಷಕಾಂಶ ಆಯಿತು.

ಚೀನಾದಲ್ಲಿ ಕೆಶಾನ್ ಅಂತ ಒಂದು ಕೌಂಟಿ. 1935ರಲ್ಲಿ ಅಲ್ಲಿ ಹೃದಯದ ಒಂದು ಕಾಯಿಲೆ ಕಾಣಿಸಿಕೊಂಡು, ಊರಿನ ಹೆಸರೇ ಕಾಯಿಲೆಗೂ ಬಂತು. ಮಣ್ಣಿನಲ್ಲಿ ಸೆಲೆನಿಯಂ ತೀರಾ ಕಡಿಮೆ ಇರುವ ಪಟ್ಟಿಯಲ್ಲೇ ಇದು ಹೆಚ್ಚು, ಸಾಯುವವರು ಹೆಚ್ಚಾಗಿ ಮಕ್ಕಳು ಮತ್ತು ಹೆರುವ ವಯಸ್ಸಿನ ಹೆಂಗಸರು. 1974ರಲ್ಲಿ ಮಕ್ಕಳಿಗೆ ವಾರಕ್ಕೊಮ್ಮೆ ಸೆಲೆನಿಯಂ ಮಾತ್ರೆ ಕೊಟ್ಟು ನೋಡಿದರು. ಕೊಡದ 3,985 ಮಕ್ಕಳಲ್ಲಿ 54 ಜನಕ್ಕೆ ಕಾಯಿಲೆ. ಕೊಟ್ಟ 4,510 ಮಕ್ಕಳಲ್ಲಿ 10 ಜನಕ್ಕೆ. ಕಾಂಗ್ರಾದ ಉಪ್ಪಿನ ಕಥೆಯೇ ಮತ್ತೊಮ್ಮೆ ನಡೆದ ಹಾಗೆ. ಎಲ್ಲಿ ಕೊರತೆ ಇತ್ತೋ ಅಲ್ಲಿ ತುಂಬಿದರು, ಕಾಯಿಲೆ ಹೋಯಿತು.

ಈಗ ಪ್ರಾಸ್ಟೇಟಿಗೆ ಬರೋಣ. ಅಮೆರಿಕಾದಲ್ಲಿ ಲ್ಯಾರಿ ಕ್ಲಾರ್ಕ್ ಎಂಬವರು 1983ರಲ್ಲಿ ಒಂದು ಪ್ರಯೋಗ ಶುರುಮಾಡಿದರು. ಹಿಂದೆ ಚರ್ಮದ ಕ್ಯಾನ್ಸರ್ ಆಗಿದ್ದ 1,312 ಜನ. ಅರ್ಧ ಜನಕ್ಕೆ ದಿನಾ 200 ಮೈಕ್ರೋಗ್ರಾಂ ಸೆಲೆನಿಯಂ, ಉಳಿದವರಿಗೆ ನೋಡಲು ಹಾಗೇ ಇರುವ ಖಾಲಿ ಗುಳಿಗೆ. ಕೇಳಿದ್ದ ಪ್ರಶ್ನೆ: ಚರ್ಮದ ಕ್ಯಾನ್ಸರ್ ಮತ್ತೆ ಬರುವುದನ್ನು ಇದು ತಡೆಯುತ್ತದೆಯೇ? ಉತ್ತರ: ಇಲ್ಲ. ಆದರೆ 1996ರ ವರದಿಯಲ್ಲಿ ಯಾರೂ ಕೇಳದೇ ಇದ್ದ ಇನ್ನೊಂದು ಉತ್ತರ ಇತ್ತು. ಸೆಲೆನಿಯಂ ತಿಂದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಮೂರನೇ ಒಂದು ಪಾಲಿನಷ್ಟೇ! 1998ರಲ್ಲಿ ಬಂದ ವಿವರದ ಪ್ರಕಾರ 974 ಗಂಡಸರಲ್ಲಿ, ಖಾಲಿ ಗುಳಿಗೆಯವರಲ್ಲಿ 35 ಪ್ರಕರಣ, ಸೆಲೆನಿಯಂ ತಿಂದವರಲ್ಲಿ 13. ಅದೇ 1998ರಲ್ಲಿ ಫಿನ್ಲೆಂಡಿನ 29 ಸಾವಿರ ಚಿಲ್ಲರೆ ಬೀಡಿ ಸಿಗರೇಟಿನ ಗಂಡಸರ ಇನ್ನೊಂದು ಪ್ರಯೋಗದಿಂದ, ವಿಟಮಿನ್ ಇ ತಿಂದವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಶೇಕಡಾ 32 ಕಡಿಮೆ ಅಂತ ಸುದ್ದಿ ಬಂತು. ಅಲ್ಲೂ ಕೇಳಿದ್ದು ಶ್ವಾಸಕೋಶದ ಕ್ಯಾನ್ಸರಿನ ಪ್ರಶ್ನೆ. (ಸರಿ, ಬೀಡಿ ಅಂದದ್ದು ನಾನು. ಫಿನ್ಲೆಂಡಿನಲ್ಲಿ ಬೀಡಿ ಎಲ್ಲಿ ಸಿಗಬೇಕು!)

ನಮ್ಮ ಮಿತ್ರರ ಜೇಬಿನ ಗುಳಿಗೆ ಹುಟ್ಟಿದ್ದು ಇಲ್ಲಿ. ಬ್ಯಾಂಕಿನಲ್ಲಿ ಇನ್‌ಸ್ಪೆಕ್ಷನ್ ಮಾಡಿದವರಿಗೆ ಇದರ ತೊಡಕು ಬೇಗ ತಿಳಿಯುತ್ತದೆ. ಸಾಲದ ಫೈಲು ನೋಡಲು ಹೋದವನ ಕಣ್ಣಿಗೆ ಅಕಸ್ಮಾತ್ತಾಗಿ ಲಾಕರ್ ರಿಜಿಸ್ಟರಿನಲ್ಲಿ ಏನೋ ಕಂಡರೆ ಅದು ಸುಳಿವು. ಅದರ ಮೇಲೆ ಬೇರೆಯೇ ತನಿಖೆ ಆಗಬೇಕು. ಸುಳಿವನ್ನೇ ತೀರ್ಮಾನ ಅಂತ ಹೆಡ್ಡಾಫೀಸಿಗೆ ಕಳಿಸುವುದಿಲ್ಲ. ವಿಜ್ಞಾನಿಗಳು ಇದನ್ನು ಸರಿಯಾಗಿಯೇ ಮಾಡಿದರು, ಬೇರೆ ತನಿಖೆಗೆ ಇಳಿದರು. ಕಾಯದೇ ಇದ್ದದ್ದು ಅಂಗಡಿಯವರು.

ಆ ತನಿಖೆಯ ಹೆಸರು ಸೆಲೆಕ್ಟ್. 2001ರಲ್ಲಿ ಶುರು. ಅಮೆರಿಕಾ, ಕೆನಡಾ ಮತ್ತು ಪೋರ್ಟೊ ರಿಕೊದ 400ಕ್ಕೂ ಹೆಚ್ಚು ಕೇಂದ್ರಗಳು, 35,533 ಗಂಡಸರು, ಎಲ್ಲರೂ ಐವತ್ತು ಐವತ್ತೈದು ದಾಟಿದವರು, ನಮ್ಮಂಥವರೇ. ಖರ್ಚು ಹತ್ತು ಕೋಟಿ ಡಾಲರಿಗೂ ಮೇಲೆ. ನಾಲ್ಕು ಗುಂಪು: ಸೆಲೆನಿಯಂ ಮಾತ್ರ, ವಿಟಮಿನ್ ಇ ಮಾತ್ರ, ಎರಡೂ, ಎರಡೂ ಇಲ್ಲ. ಯಾರಿಗೆ ಯಾವುದು ಅಂತ ತಿಂದವರಿಗೂ ಗೊತ್ತಿಲ್ಲ, ಕೊಟ್ಟವರಿಗೂ ಗೊತ್ತಿಲ್ಲ. ಇನ್ನೂ ಹಲವು ವರ್ಷ ನಡೆಯಬೇಕಿದ್ದ ಈ ಪ್ರಯೋಗದಲ್ಲಿ 2008ರ ಅಕ್ಟೋಬರಿನಲ್ಲಿ ಗುಳಿಗೆ ನಿಲ್ಲಿಸಲು ಹೇಳಿದರು. ಲಾಭ ಕಾಣಲಿಲ್ಲ, ಮುಂದೆ ಕಾಣುವ ಲಕ್ಷಣವೂ ಇರಲಿಲ್ಲ. ಗುಳಿಗೆ ನಿಂತ ಮೇಲೂ ಆ ಜನರನ್ನು ಗಮನಿಸುತ್ತಲೇ ಇದ್ದರು. 2011ರಲ್ಲಿ ಇನ್ನೊಂದು ಲೆಕ್ಕ ಬಂತು. ವಿಟಮಿನ್ ಇ ಮಾತ್ರ ತಿಂದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇಕಡಾ 17 ಜಾಸ್ತಿ.

ಇದಕ್ಕಿಂತ ನನ್ನನ್ನು ತಡೆದು ನಿಲ್ಲಿಸಿದ್ದು 2014ರ ವರದಿ. ಪ್ರಯೋಗಕ್ಕೆ ಸೇರುವಾಗ ಅವರೆಲ್ಲರ ಕಾಲಿನ ಉಗುರು ಕತ್ತರಿಸಿ ಇಟ್ಟುಕೊಂಡಿದ್ದರು. ಕೆಲವು ತಿಂಗಳಲ್ಲಿ ಮೈಗೆ ಎಷ್ಟು ಸೆಲೆನಿಯಂ ಸೇರಿದೆ ಅನ್ನುವುದಕ್ಕೆ ಉಗುರೇ ಪಾಸ್‌ಬುಕ್ಕು. ಅದನ್ನು ಪರೀಕ್ಷಿಸಿ ನೋಡಿದರೆ, ಮೊದಲೇ ಸೆಲೆನಿಯಂ ಚೆನ್ನಾಗಿದ್ದು ಮೇಲೆ ಗುಳಿಗೆಯನ್ನೂ ತಿಂದವರಲ್ಲಿ ಉಗ್ರ ರೀತಿಯ ಪ್ರಾಸ್ಟೇಟ್ ಕ್ಯಾನ್ಸರ್ ಶೇಕಡಾ 91 ಹೆಚ್ಚು. ಕಡಿಮೆ ಇದ್ದವರಿಗಾದರೂ ಒಳ್ಳೆಯದಾಯಿತೇ? ಅವರಿಗೂ ಲಾಭ ಆಗಲಿಲ್ಲ. ಅಮೆರಿಕಾದಲ್ಲಿ "ಕಡಿಮೆ" ಅಂದರೂ ಕೆಶಾನ್ ಮಕ್ಕಳ ಹಾಗೆ ಬರಿದಾದವರಲ್ಲ ಅನ್ನುವುದನ್ನು ಮರೆಯಬಾರದು. ಕ್ಲಾರ್ಕ್ ಅವರ ಹಳೆಯ ಪ್ರಯೋಗದ ಬಾಕಿಯೂ ಒಂದಿದೆ, ನಮ್ಮವರಿಗೆ ಅದು ಮುಖ್ಯ. 2007ರಲ್ಲಿ ಅದೇ ಜನರ ದಾಖಲೆ ತೆಗೆದು ಸಕ್ಕರೆ ಕಾಯಿಲೆಯ ಲೆಕ್ಕ ನೋಡಿದರು. ಸೆಲೆನಿಯಂ ತಿಂದವರಲ್ಲಿ 58 ಜನಕ್ಕೆ ಹೊಸದಾಗಿ ಬಂದಿತ್ತು, ತಿನ್ನದವರಲ್ಲಿ 39 ಜನಕ್ಕೆ. ಇದೂ ಕೇಳದ ಪ್ರಶ್ನೆಗೆ ಸಿಕ್ಕ ಉತ್ತರವೇ, ಆದ್ದರಿಂದ ಇದನ್ನೂ ಸುಳಿವು ಅಂತಲೇ ಬರೆದುಕೊಳ್ಳೋಣ. ಆದರೂ ಮನೆಗೊಬ್ಬರು ಶುಗರಿನವರಿರುವ ನಮಗೆ ಈ ಸುಳಿವು ಸಣ್ಣದಲ್ಲ.

"ಅದೆಲ್ಲ ಅಮೆರಿಕಾದ ಮಾತು, ನಮ್ಮ ಊಟದಲ್ಲಿ ಎಲ್ಲಿದೆ ಸೆಲೆನಿಯಂ?" ಅಂತ ನೀವು ಕೇಳಬಹುದು. ದೆಹಲಿಯಿಂದ ಸುಮಾರು 300 ಕಿಲೋಮೀಟರ್ ದೂರದ ನವಾಂಶಹರ್‌ಗೆ ಹೋಗೋಣ ಬನ್ನಿ. ಈಗ ಆ ಜಿಲ್ಲೆಗೆ ಶಹೀದ್ ಭಗತ್ ಸಿಂಗ್ ನಗರ ಅಂತ ಹೆಸರು. ಅಲ್ಲಿ ಮತ್ತು ಪಕ್ಕದ ಹೋಶಿಯಾರ್‌ಪುರದ ಕೆಲವು ಹಳ್ಳಿಗಳಲ್ಲಿ ಎಮ್ಮೆಗಳ ಗೊರಸು ಬಿಡುತ್ತಿತ್ತು, ಕೂದಲು ಉದುರುತ್ತಿತ್ತು. ಗೋಧಿ ಪೈರು ಬೆಳ್ಳಗಾಗುತ್ತಿತ್ತು. ಲುಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಕೆ. ಎಸ್. ಧಿಲ್ಲೋನ್ ಮತ್ತು ಎಸ್. ಕೆ. ಧಿಲ್ಲೋನ್ ಮಣ್ಣು ತೆಗೆದು ನೋಡಿ 1991ರಲ್ಲಿ ಬರೆದರು: ಸೆಲೆನಿಯಂ. ಶಿವಾಲಿಕ್ ಬೆಟ್ಟದಿಂದ ಹಳ್ಳಗಳು ಹೊತ್ತು ತಂದ ಮಣ್ಣಿನಲ್ಲಿ ಅದು ಬಂದು ಕೂತಿದೆ, ಬತ್ತಕ್ಕೆ ಹಾಯಿಸುವ ಕೊಳವೆಬಾವಿಯ ನೀರಿನ ಜೊತೆಗೂ ಏರುತ್ತದೆ. ಸೌತ್ ಡಕೋಟಾದ ಕುದುರೆಗೆ ಆದದ್ದೇ ನಮ್ಮ ಪಂಜಾಬಿನ ಎಮ್ಮೆಗೂ.

2004ರಲ್ಲಿ ಅಲ್ಲಿನ ಜನರ ಊಟವನ್ನೂ ಅಳೆದರು. ಸೆಲೆನಿಯಂ ಹೆಚ್ಚಿರುವ ಹಳ್ಳಿಗಳ ಗಂಡಸರು ದಿನಕ್ಕೆ ಸುಮಾರು 630 ಮೈಕ್ರೋಗ್ರಾಂ ತಿನ್ನುತ್ತಿದ್ದರು, ಬರೀ ಮನೆಯ ಊಟದಿಂದ. ದಿನಕ್ಕೆ 400ರ ಮೇಲೆ ಹೋಗಬಾರದು ಅನ್ನುವುದು ಅಮೆರಿಕಾದವರ ಮಿತಿ. ಹಾಗಾದರೆ ಪಂಜಾಬಿನ ಉಳಿದ ಕಡೆ? ಹೋಲಿಕೆಗೆಂದು ತೆಗೆದುಕೊಂಡ ಸಾಧಾರಣ ಹಳ್ಳಿಯ ಗಂಡಸರಿಗೆ ಸಿಗುತ್ತಿದ್ದದ್ದು ಸುಮಾರು 65 ಮೈಕ್ರೋಗ್ರಾಂ. ದಿನಕ್ಕೆ ಬೇಕಾದದ್ದು 55. ಅಂದರೆ ಯಾವ ವಿಶೇಷವೂ ಇಲ್ಲದ ರೊಟ್ಟಿ, ದಾಲ್, ಹಾಲಿನ ಊಟದಲ್ಲೇ ಖಾತೆ ತುಂಬಿದೆ. ಮೂವತ್ತು ವರ್ಷದಿಂದ ಈ ಸೀಮೆಯ ಹಿಟ್ಟು ತಿಂದಿರುವ ನಮ್ಮ ಸ್ಥಿತಿ ಕೆಶಾನ್ ಮಗುವಿಗಿಂತ ಈ ಸಾಧಾರಣ ಪಂಜಾಬಿಗೇ ಹತ್ತಿರ ಅಂತ ನನ್ನ ಲೆಕ್ಕ. ಅದರ ಮೇಲೆ ದಿನಾ 200 ಮೈಕ್ರೋಗ್ರಾಂ ಡೆಪಾಸಿಟ್ ಮಾಡುವುದು ಯಾತಕ್ಕೆ?

ನಮ್ಮ ಶಾಖೆಯಲ್ಲಿದ್ದ ಹಿರಿಯರೊಬ್ಬರು, ಹುಬ್ಬಳ್ಳಿ ಕಡೆಯವರು, ನಿವೃತ್ತರಾದ ಮೇಲೆ ಜನಕಪುರಿಯಲ್ಲೇ ಉಳಿದುಕೊಂಡರು. ಮೂತ್ರ ಕಟ್ಟಿಕೊಳ್ಳುವುದು, ರಾತ್ರಿ ನಾಲ್ಕೈದು ಸಲ ಏಳುವುದು ಶುರುವಾದಾಗ ಅವರು ಇಂಥ ಗುಳಿಗೆಯನ್ನೇ ಹಿಡಿದರು. "ದವಾಖಾನಿಗೆ ಹೋದ್ರ ಆಪರೇಷನ್ ಅಂತಾರ, ಇದು ಛಲೋ ಅದ ತಮ್ಮಾ" ಅನ್ನುತ್ತಿದ್ದರು. ಒಂದೂವರೆ ವರ್ಷ ಹೀಗೇ ನಡೆಯಿತು. ಆಮೇಲೆ ಸೊಂಟ ನೋವು ಅಂತ ಮೂಳೆ ಡಾಕ್ಟರ ಹತ್ತಿರ ಹೋದಾಗ ಗೊತ್ತಾಯಿತು, ಪ್ರಾಸ್ಟೇಟಿನದು ಬೆನ್ನುಮೂಳೆಗೆ ಹೋಗಿದೆ ಅಂತ. ಈಗ ಹಾರ್ಮೋನ್ ಚುಚ್ಚುಮದ್ದಿನ ಮೇಲಿದ್ದಾರೆ. ಗುಳಿಗೆಯಿಂದ ಹೀಗಾಯಿತು ಅಂತ ನಾನು ಹೇಳುತ್ತಿಲ್ಲ, ಯಾರೂ ಹಾಗೆ ಹೇಳುವಂತಿಲ್ಲ. ಆ ಗುಳಿಗೆ ಅವರಿಗೆ ಕೊಟ್ಟದ್ದು ಧೈರ್ಯ. ಆ ಧೈರ್ಯದಲ್ಲಿ ಒಂದೂವರೆ ವರ್ಷ ಹೋಯಿತು.

ಇದು ಅಪರೂಪದ ಕಾಯಿಲೆಯೂ ಅಲ್ಲ. ನಮ್ಮ ದೇಶದಲ್ಲಿ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ 1981ರಲ್ಲಿ ಶುರುವಾಯಿತು. ಬೆಂಗಳೂರಿನದನ್ನು ಕಿದ್ವಾಯಿಯಲ್ಲಿ, ದೆಹಲಿಯದನ್ನು ಏಮ್ಸ್‌ನ ರೋಟರಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಬರೆದಿಡುತ್ತಾ ಬಂದರು. ಈ ಪುಸ್ತಕಗಳನ್ನು ಕೂಡಿಸಿ 2014ರಲ್ಲಿ ಪ್ರಕಟವಾದ ಒಂದು ಲೇಖನದ ಪ್ರಕಾರ ದೆಹಲಿಯ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿಗೆ ಎರಡನೇ ಸ್ಥಾನ, ಬೆಂಗಳೂರಿನಲ್ಲಿ ಮೂರನೆಯದು. ಊರು ಬಿಟ್ಟು ಬಂದ ನಮಗೆ ಎರಡು ಕಡೆಯ ಲೆಕ್ಕವೂ ಅನ್ವಯಿಸುತ್ತದೆ ಅನ್ನಿ.

ಹಾಗಾದರೆ ಗುಳಿಗೆಯ ದುಡ್ಡಿನಲ್ಲಿ ಏನು ಮಾಡಬಹುದು? ಮೂತ್ರದ ತೊಂದರೆ ಇದ್ದವರು, ಮೂತ್ರದಲ್ಲಿ ರಕ್ತ ಕಂಡವರು, ತಂದೆಗೋ ಅಣ್ಣತಮ್ಮಂದಿರಿಗೋ ಈ ಕ್ಯಾನ್ಸರ್ ಆಗಿದ್ದವರು ಯೂರಾಲಜಿಸ್ಟರ ಒಂದು ಚೀಟಿ ಮಾಡಿಸಬಹುದು. ಅವರು ಮುಟ್ಟಿ ನೋಡಿ, ಬೇಕಾದರೆ ಪಿಎಸ್‌ಎ ಅನ್ನುವ ರಕ್ತಪರೀಕ್ಷೆ ಬರೆದುಕೊಡುತ್ತಾರೆ. ಗ್ರಂಥಿ ಬರೀ ದಪ್ಪಗಾಗಿದ್ದರೂ ಆ ಅಂಕಿ ಏರುತ್ತದೆ, ಕ್ಯಾನ್ಸರ್ ಇದ್ದರೂ ಏರುತ್ತದೆ. ಯಾವ ತೊಂದರೆಯೂ ಇಲ್ಲದವರು ಸುಮ್ಮನೆ ಮಾಡಿಸಬೇಕೇ ಅನ್ನುವುದರಲ್ಲಿ ಡಾಕ್ಟರುಗಳಲ್ಲೇ ಜಗಳ ಇದೆ. 2018ರಲ್ಲಿ ಅಮೆರಿಕಾದ ತಜ್ಞರ ಸಮಿತಿ 55ರಿಂದ 69ರವರೆಗಿನವರು ಡಾಕ್ಟರ ಜೊತೆ ಕೂತು ಒಳಿತು ಕೆಡುಕು ಮಾತಾಡಿ ತಾವೇ ತೀರ್ಮಾನಿಸಲಿ, 70 ದಾಟಿದವರಿಗೆ ಬೇಡ ಅಂತ ಹೇಳಿತು. ಆ ಪರೀಕ್ಷೆಯ ಕಥೆ ಇದಕ್ಕಿಂತ ಉದ್ದ. ಮಾರ್ಚ್ ಕ್ಲೋಸಿಂಗ್ ಮುಗಿಯಲಿ, ಇನ್ನೊಂದು ದಿನ ಬರೆಯುತ್ತೇನೆ.